ಎಸಿ ಹಾಕಿದರೆ ಮ್ಯಾಟ್ ಯಾಕೆ ಒದ್ದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ದೂರು: ಗಾಡಿಯೊಳಗೆ ನೀರು. ಹಾಗಾಗಿ ಕ್ಲಚ್ಚು, ಬ್ರೇಕು, ಮೈಲೇಜು ಎಲ್ಲವನ್ನೂ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಎಸಿ ರಿಪೇರಿ ಮಾಡುತ್ತಲೇ ಕೂದಲು ನೆರೆತವನು ನಾನು. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕಾರಿಗೆ ಏಳು ವರ್ಷ ಆಯಿತು. ಎಸಿ ಚೆನ್ನಾಗೇ ತಣ್ಣಗಾಗುತ್ತದೆ. ಆದರೆ ಅರ್ಧ ಗಂಟೆ ಓಡಿಸಿದರೆ ಸಾಕು, ಮುಂದಿನ ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ಬಲಕ್ಕೆ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಸದ್ದು ಬರುತ್ತದೆ, ಹಿಂದೆಯೇ ನಮ್ಮ ಯಜಮಾನರ ಚಪ್ಪಲಿ ಮೇಲೆ ನೀರು. ಗ್ಯಾರೇಜಿನವರು ಗ್ಯಾಸ್ ತುಂಬಿಸಿ ನೋಡೋಣ ಅಂದರು. ತುಂಬಿಸಲಾ?

ಉತ್ತರ: ಬೇಡಮ್ಮ. ಚೆನ್ನಾಗಿ ತಣ್ಣಗಾಗುತ್ತದೆ ಅಂತ ನೀವೇ ಬರೆದಿದ್ದೀರಿ. ಅಂದರೆ ತಂಪು ಮಾಡುವ ಗ್ಯಾಸ್ ಇದೆ. ಎಸಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಅದು ಮಾಡಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ, ಅಷ್ಟೇ.

ಡ್ಯಾಶ್‌ಬೋರ್ಡ್ ಹಿಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಅದರೊಳಗೆ ಅಲ್ಯೂಮಿನಿಯಂ ಕೂಲಿಂಗ್ ಕಾಯಿಲ್. ಎಸಿ ಓಡುವಾಗ ಆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲೆ ಇರುತ್ತದೆ. ಬ್ಲೋವರ್ ತಳ್ಳುವ ಗಾಳಿ ಅದನ್ನು ಹಾದು ಬರುವಾಗ ಗಾಳಿಯ ತೇವದ ಬಹುಪಾಲು ಅಲ್ಲೇ ನೀರಾಗುತ್ತದೆ, ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ. ಸೆಖೆ, ತೇವ ಎರಡೂ ಜಾಸ್ತಿ ಇರುವ ದಿನ ಗಂಟೆಗೆ ಅರ್ಧ ಲೀಟರ್, ಒಂದು ಲೀಟರ್ ನೀರು ಬರುವುದು ಏನೂ ಹೆಚ್ಚಲ್ಲ. ಈ ನೀರು ಪೆಟ್ಟಿಗೆಯ ತಳಕ್ಕೆ ಇಳಿದು, ಒಂದು ಸಣ್ಣ ಡ್ರೈನ್ ಪೈಪಿನಿಂದ ಗಾಡಿಯ ಕೆಳಗೆ ರಸ್ತೆಗೆ ಬೀಳಬೇಕು. ಆ ಪೈಪ್ ಕಟ್ಟಿಕೊಂಡರೆ ತಳ ತುಂಬುತ್ತದೆ. ನೀವು ಬಲಕ್ಕೆ ತಿರುಗಿಸಿದಾಗ ನಿಂತ ನೀರು ಎಡಕ್ಕೆ ನುಗ್ಗುತ್ತದೆ. ಪೆಟ್ಟಿಗೆಯ ಸಂದಿಯಿಂದಲೋ ಬ್ಲೋವರ್ ಕಡೆಯಿಂದಲೋ ಹೊರಬಂದು ಚಪ್ಪಲಿ ಮೇಲೆ ಬೀಳುತ್ತದೆ. ಆ ಗುಳುಗುಳು ಸದ್ದು ಕೇಳಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ನಿಮ್ಮ ಸಮಾಧಾನಕ್ಕೆ ಒಂದು ಪರೀಕ್ಷೆ ಮಾಡಿ.

ಮಳೆ ಇಲ್ಲದ ದಿನ ಗಾಡಿಯನ್ನು ಬಯಲಲ್ಲಿ, ಸಮನೆಲದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ. ಎಸಿ ಪೂರ್ತಿ ತಂಪಿಗೆ ಇಡಿ, ಬ್ಲೋವರ್ ಮಧ್ಯದ ವೇಗದಲ್ಲಿರಲಿ. ಇನ್ನೊಂದು ಮುಖ್ಯ: ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಮಾಡಿ, ಹೊರಗಿನ ಗಾಳಿ ಬರಲಿ. ಇದನ್ನು ಬಹಳ ಜನ ಮರೆಯುತ್ತಾರೆ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಅದು ಬೇಗ ಒಣಗುತ್ತದೆ, ನೀರೂ ಕಡಿಮೆ ಬರುತ್ತದೆ, ಆಗ ಪರೀಕ್ಷೆ ಸುಳ್ಳು ಹೇಳುತ್ತದೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಗಾಡಿಯ ಕೆಳಗೆ ಬಗ್ಗಿ ನೋಡಿ. ಟಪಟಪ ನೀರು ಬೀಳುತ್ತಿದ್ದರೆ ದಾರಿ ತೆರೆದಿದೆ. ನೆಲ ಒಣಗಿದ್ದು ಮ್ಯಾಟ್ ಒದ್ದೆಯಾಗಿದ್ದರೆ ದಾರಿ ಮುಚ್ಚಿದೆ.

ಪೈಪ್ ಎಲ್ಲಿದೆ ಅಂತ ಹುಡುಕುವುದೇ ಅರ್ಧ ಕೆಲಸ. ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವೆ ತಗಡಿನ ಗೋಡೆ ಇದೆಯಲ್ಲ, ಸಾಮಾನ್ಯವಾಗಿ ಅದರ ಕೆಳಭಾಗದಲ್ಲಿ ಬೆರಳು ಗಾತ್ರದ ಕಪ್ಪು ರಬ್ಬರ್ ತುದಿಯೊಂದು ಚಾಚಿರುತ್ತದೆ. ತುದಿ ಕೆಳಕ್ಕೆ ಬಾಗಿರುತ್ತದೆ. ಸ್ಟೀರಿಂಗ್ ಬಲಗಡೆ ಇರುವ ಗಾಡಿಗಳಲ್ಲಿ ಹೆಚ್ಚಾಗಿ ಎಡಗಡೆ ಅಥವಾ ನಡುವೆ ಸಿಗುತ್ತದೆ. ಕೆಲವು ಗಾಡಿಗಳಲ್ಲಿ ನೆಲದ ತಗಡಿನಿಂದಲೇ ನೇರ ಕೆಳಗೆ ಇಳಿದಿರುತ್ತದೆ. ಗಾಡಿ ಎತ್ತುವುದಾದರೆ ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಸೈಲೆನ್ಸರ್ ಪೈಪ್ ಹತ್ತಿರದಲ್ಲೇ ಹಾದು ಹೋಗಿರುತ್ತದೆ, ಅದು ಆರುವವರೆಗೆ ಕಾಯಿರಿ.

ಮೊದಲು ರಬ್ಬರ್ ತುದಿಯನ್ನು ಎರಡು ಬೆರಳಲ್ಲಿ ಹಿಚುಕಿ. ಎಷ್ಟೋ ಸಲ ಅಷ್ಟಕ್ಕೇ ಒಂದು ತುಂಡು ಕೆಸರು ಉದುರಿ ನೀರು ಧಾರೆಯಾಗಿ ಬರುತ್ತದೆ. ಮುಖ ಸ್ವಲ್ಪ ಆಚೆ ಇರಲಿ, ಬಾಯಿ ಮುಚ್ಚಿಕೊಳ್ಳಿ. ಆ ನೀರಿನ ರುಚಿ ನನಗೆ ಗೊತ್ತು, ನಿಮಗೆ ಬೇಡ. ಹಿಚುಕಿದರೆ ಬರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ, ಇಲ್ಲವೇ ಉದ್ದನೆಯ ಪ್ಲಾಸ್ಟಿಕ್ ಟೈ ತೆಗೆದುಕೊಂಡು ತುದಿಯಿಂದ ಮೆಲ್ಲಗೆ ತೂರಿಸಿ ತಿರುಗಿಸಿ. ತಡೆ ಸಿಕ್ಕ ಕಡೆ ಒತ್ತಬೇಡಿ. ಇದಕ್ಕಿಂತ ಒಳ್ಳೆಯದು, ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಯನ್ನು ರಬ್ಬರ್ ತುದಿಗೆ ಹಿಡಿದು ಕೆಳಕ್ಕೆ ಎಳೆಯುವುದು. ಕಸ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಕಬ್ಬಿಣದ ತಂತಿ ಮಾತ್ರ ಮುಟ್ಟಬೇಡಿ. ಕಾಯಿಲ್ ಆ ಪೈಪಿನ ಮೇಲೆಯೇ ಕೂತಿದೆ, ಅದರ ಅಲ್ಯೂಮಿನಿಯಂ ತೆಳು. ತಂತಿ ತಾಗಿ ತೂತಾದರೆ ಗ್ಯಾಸ್ ಹೋಯಿತು, ಕಾಯಿಲ್ ಹೋಯಿತು, ಬದಲಿಸಲು ಡ್ಯಾಶ್‌ಬೋರ್ಡೇ ಇಳಿಯಬೇಕಾಗಬಹುದು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್‌ನಿಂದ ಜೋರಾಗಿ ಊದುವುದೂ ಬೇಡ. ಒಳಗೆ ಪೈಪ್ ಜೋಡಣೆ ಕಳಚಿಕೊಳ್ಳಬಹುದು, ಕೊಳೆಯೆಲ್ಲ ಮೇಲಕ್ಕೆ ಹಾರಿ ಕಾಯಿಲ್‌ಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬರುವ ವಾಸನೆಗೆ ಬೇರೆ ಪತ್ರ ಬರೆಯಬೇಕಾಗುತ್ತದೆ.

ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಧೂಳು, ಎಲೆ ಚೂರು, ಅದರ ಮೇಲೆ ಬೆಳೆದ ಲೋಳೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಇತ್ತೀಚೆಗೆ ಕೆಳಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಹೊಡೆಸಿದ್ದರೆ ಅದನ್ನೂ ನೋಡಿ. ಹೊಡೆಯುವವರು ಅವಸರದಲ್ಲಿ ಪೈಪಿನ ಬಾಯಿಗೂ ಬಳಿದಿರುತ್ತಾರೆ. ಚೂರಿಯ ತುದಿಯಿಂದ ಪೊರೆ ಬಿಡಿಸಿದರೆ ಕೆಲಸ ಮುಗಿಯಿತು.

ಪ್ರಶ್ನೆ: ಸರ್, ನನ್ನ ಕಾರಲ್ಲಿ ಎಸಿ ಹಾಕದಿದ್ದರೂ ನೆಲ ಒದ್ದೆ. ಮುಟ್ಟಿದರೆ ಅಂಟಂಟು. ಏನೋ ಸಿಹಿ ವಾಸನೆ. ಮುಂದಿನ ಗಾಜಿನ ಒಳಗಡೆ ಎಣ್ಣೆ ಪೊರೆ ತರಹ ಮಂಜು ಕೂರುತ್ತದೆ. ಡ್ರೈನ್ ಕ್ಲೀನ್ ಮಾಡಿಸಿದೆ, ಪ್ರಯೋಜನ ಇಲ್ಲ.

ಉತ್ತರ: ಪ್ರಯೋಜನ ಆಗುವುದೂ ಇಲ್ಲ. ಎಸಿ ನೀರಿಗೆ ಬಣ್ಣ ಇಲ್ಲ, ಅಂಟು ಇಲ್ಲ, ಸಿಹಿ ವಾಸನೆಯಂತೂ ಇಲ್ಲವೇ ಇಲ್ಲ. ನೀವು ಹೇಳುತ್ತಿರುವುದು ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ. ಅದೇ ಪೆಟ್ಟಿಗೆಯಲ್ಲಿ, ಕೂಲಿಂಗ್ ಕಾಯಿಲ್ ಪಕ್ಕದಲ್ಲೇ, ಹೀಟರಿನ ಸಣ್ಣ ರೇಡಿಯೇಟರ್ ಒಂದಿರುತ್ತದೆ. ಅದರೊಳಗೆ ಎಂಜಿನ್ನಿನ ಬಿಸಿ ಕೂಲೆಂಟ್ ಓಡುತ್ತದೆ. ಅದೋ ಅದರ ಪೈಪ್ ಜೋಡಣೆಯೋ ಸೋರುತ್ತಿದೆ.

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿಡಿ. ಕೆಲವು ದಿನ ಬಿಟ್ಟು ನೋಡಿ. ಇಳಿದಿದ್ದರೆ ಅನುಮಾನವೇ ಬೇಡ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಇದನ್ನು ಮುಂದಕ್ಕೆ ಹಾಕಬೇಡಿ. ಕೂಲೆಂಟ್ ಖಾಲಿಯಾಗಿ ಎಂಜಿನ್ ಕಾದರೆ ಖರ್ಚಿನ ಲೆಕ್ಕವೇ ಬೇರೆ. ಇನ್ನೊಂದು, ಆ ಒದ್ದೆ ಮ್ಯಾಟನ್ನು ನಾಯಿ, ಬೆಕ್ಕು, ಸಣ್ಣ ಮಕ್ಕಳಿಗೆ ಸಿಗದಂತೆ ಇಡಿ. ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ.

ಪ್ರಶ್ನೆ: ಮಳೆ ಬಂದ ಮಾರನೇ ದಿನ ಮಾತ್ರ ಕಾರ್ಪೆಟ್ ಒದ್ದೆ ಆಗುತ್ತದೆ. ಇದೂ ಎಸಿಯದ್ದೇನಾ?

ಉತ್ತರ: ಅಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಬಾನೆಟ್ ಎತ್ತಿ, ವೈಪರ್ ಕೆಳಗಿನ ಜಾಲರಿಯ ಹತ್ತಿರ ನೋಡಿ. ಮರದಡಿ ನಿಲ್ಲಿಸುವ ಗಾಡಿಯಾದರೆ ಅಲ್ಲಿ ಎಲೆ ಕೊಳೆತು ನೀರಿನ ತೂತು ಮುಚ್ಚಿರುತ್ತದೆ. ನೀರು ನಿಂತು, ಬ್ಲೋವರ್ ಗಾಳಿ ಎಳೆಯುವ ಬಾಯಿಯಿಂದ ಒಳಗೆ ಬರುತ್ತದೆ. ಸನ್‌ರೂಫ್ ಇದ್ದರೆ ಅದರ ಮೂಲೆಗಳಿಂದ ಕೆಳಗಿಳಿಯುವ ಪೈಪ್ ನೋಡಿಸಿ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಂಡಿದ್ದರೂ ಹೀಗಾಗುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೊದಲೇ ಮೇಲಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ದೂರದ ಪ್ರಯಾಣದಲ್ಲಿ ಮಾತ್ರ ಈ ತೊಂದರೆ. ಒಂದೂವರೆ ಗಂಟೆ ಆದ ಮೇಲೆ ಗಾಳಿ ಕಡಿಮೆಯಾಗುತ್ತಾ ಬರುತ್ತದೆ. ಬ್ಲೋವರ್ ಸದ್ದು ಇದೆ, ಗಾಳಿ ಇಲ್ಲ. ಊಟಕ್ಕೆ ನಿಲ್ಲಿಸಿ ಮತ್ತೆ ಹೊರಟರೆ ಎಲ್ಲ ಸರಿ. ಆದರೆ ಅಷ್ಟರಲ್ಲಿ ಕಾಲಡಿ ನೀರು ಸುರಿದಿರುತ್ತದೆ. ಡ್ರೈನ್ ಸರಿ ಇದೆ, ನಾನೇ ನೋಡಿದ್ದೇನೆ.

ಉತ್ತರ: ಡ್ರೈನ್ ನೋಡಿಯೇ ಬರೆದಿದ್ದೀರಿ, ನನ್ನ ಅರ್ಧ ಕೆಲಸ ಉಳಿಸಿದ್ದೀರಿ. ನಿಮ್ಮ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಐಸ್ ಬೆಳೆದಂತೆ ಗಾಳಿ ಹಾದು ಹೋಗುವ ಸಂದಿ ಮುಚ್ಚುತ್ತದೆ. ಅದಕ್ಕೇ ಸದ್ದು ಇದೆ, ಗಾಳಿ ಇಲ್ಲ. ನೀವು ಊಟ ಮಾಡುವಾಗ ಅಷ್ಟೂ ಐಸ್ ಕರಗಿ ನೀರಾಗುತ್ತದೆ. ಸಣ್ಣ ಡ್ರೈನ್ ಪೈಪಿಗೆ ಅಷ್ಟು ನೀರು ಒಮ್ಮೆಲೇ ಬಂದರೆ ತಡೆಯುವುದಿಲ್ಲ. ಐಸ್ ಪೆಟ್ಟಿಗೆಯ ಗೋಡೆಗೆ ತಾಗುವಷ್ಟು ಬೆಳೆದಿದ್ದರೆ ನೀರು ತಳಕ್ಕೆ ಹೋಗದೆ ಸಂದಿಯಿಂದಲೇ ಜಾರಿ ಬರುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮುಂದಿನ ಸಲ ಗಾಳಿ ಕಡಿಮೆಯಾದಾಗ ಎಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಪೂರ್ತಿ ಇಡಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ಮತ್ತೆ ಬಂದರೆ ಐಸೇ.

ಐಸ್ ಯಾಕೆ ಕಟ್ಟಿತು ಅನ್ನುವುದಕ್ಕೆ ನಾನು ನೋಡುವ ಕ್ರಮ ಹೇಳುತ್ತೇನೆ. ಮೊದಲು ಎಸಿ ಫಿಲ್ಟರ್. ಹೆಚ್ಚಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಬಿಚ್ಚಲು ಸ್ಪ್ಯಾನರೂ ಬೇಕಾಗುವುದಿಲ್ಲ. ಅದು ಧೂಳಿನಿಂದ ಕಂಬಳಿ ಆಗಿದ್ದರೆ ಕಾಯಿಲ್ ಮೇಲೆ ಬೇಕಾದಷ್ಟು ಬೆಚ್ಚಗಿನ ಗಾಳಿ ಹಾಯುವುದಿಲ್ಲ, ಅದು ಸೊನ್ನೆಗಿಂತ ಕೆಳಗೆ ಜಾರುತ್ತದೆ. ಹೊಸದು ಹಾಕುವಾಗ ಅದರ ಮೇಲಿನ ಬಾಣದ ಗುರುತು ನೋಡಿ ಹಾಕಿ. ಬ್ಲೋವರನ್ನು ಒಂದರಲ್ಲೇ ಇಟ್ಟು ತಂಪನ್ನು ಕೊನೆಗೆ ತಿರುಗಿಸಿ ಗಂಟೆಗಟ್ಟಲೆ ಓಡಿಸುವ ಅಭ್ಯಾಸ ನಿಮಗಿದೆಯಾ? ಅದೂ ಐಸಿಗೆ ಸಹಾಯ. ಬ್ಲೋವರ್ ಒಂದು ಹೆಜ್ಜೆ ಏರಿಸಿ, ತಂಪು ಸ್ವಲ್ಪ ಇಳಿಸಿ.

ಆಮೇಲೆ ಕಾಯಿಲ್‌ಗೆ ಚುಚ್ಚಿರುವ ಸೆನ್ಸರ್. ಕಾಯಿಲ್ ತೀರಾ ತಣ್ಣಗಾದಾಗ ಎಸಿಯ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ನಿಲ್ಲಿಸಲು ಹೇಳುವುದು ಅದರ ಕೆಲಸ. ಅದು ಕೆಟ್ಟರೆ, ಇಲ್ಲವೇ ಜಾಗ ಬಿಟ್ಟು ಜಾರಿದ್ದರೆ, ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಕೊನೆಗೆ ಗ್ಯಾಸ್. ಮೇಲೆ ಆ ಅಮ್ಮನಿಗೆ ಗ್ಯಾಸ್ ಬೇಡ ಅಂದವನು ಈಗ ಗ್ಯಾಸ್ ಅನ್ನುತ್ತಿದ್ದಾನಲ್ಲ ಅನ್ನಬೇಡಿ. ಗ್ಯಾಸ್ ಕಡಿಮೆಯಾದರೆ ಕಾಯಿಲ್ ಒಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ, ಕಾಯಿಲ್‌ಗೆ ದ್ರವವಾಗಿ ಬರುವ ಗ್ಯಾಸ್ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ, ಕಾಯಿಲ್‌ನ ಒಂದು ಭಾಗ ಸೊನ್ನೆಯ ಕೆಳಗೆ ಹೋಗಿ ಐಸ್ ಕಟ್ಟುತ್ತದೆ. ಗ್ಯಾಸ್ ಕಡಿಮೆ, ಆದರೂ ಒಂದು ಕಡೆ ಐಸ್! ಕೇಳಲು ವಿಚಿತ್ರ, ಆದರೆ ಹೀಗೇ ಆಗುವುದು. ಗೇಜ್ ಹಾಕಿ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ನೋಡಿದರೆ ತಿಳಿಯುತ್ತದೆ. ಕಡಿಮೆ ಇದ್ದರೆ ಸುಮ್ನೆ ತುಂಬಿಸಿ ಕಳಿಸುವವರ ಹತ್ತಿರ ಹೋಗಬೇಡಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತು ಅಲ್ಲ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ, ಮೊದಲು ಅದನ್ನು ಹುಡುಕಬೇಕು. ಯಾವ ಗ್ಯಾಸ್ ಅನ್ನುವುದು ಬಾನೆಟ್ ಕೆಳಗಿನ ಚೀಟಿಯಲ್ಲಿ ಇರುತ್ತದೆ: ಆರ್-134ಎ ಅಥವಾ ಹೊಸ ಗಾಡಿಗಳಲ್ಲಿ ಆರ್-1234ವೈಎಫ್. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಇದು ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ. ಚಿಮ್ಮಿದ ಗ್ಯಾಸ್ ಚರ್ಮವನ್ನು, ಕಣ್ಣನ್ನು ಹೆಪ್ಪುಗಟ್ಟಿಸುತ್ತದೆ.

ಪ್ರಶ್ನೆ: ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಕಾರಣ ಕೇಳಿ. ಡ್ರೈನ್ ಪೈಪ್ ಕೆಳಗಿನಿಂದ ನೋಡಿದ್ದಾರಾ? ಫಿಲ್ಟರ್ ಜಾಗದಿಂದ ಟಾರ್ಚ್ ಬಿಟ್ಟು ನೋಡಿದ್ದಾರಾ? ಎಡಗಡೆ ಕಾರ್ಪೆಟ್ ಎತ್ತಿ, ನೀರು ಪೆಟ್ಟಿಗೆಯ ಯಾವ ಸಂದಿಯಿಂದ ಬರುತ್ತಿದೆ ಅಂತ ಬೆರಳಿಟ್ಟು ತೋರಿಸುತ್ತಾರಾ? ಇದಕ್ಕೆಲ್ಲ ಹೌದು ಅಂದರೆ, ಪೆಟ್ಟಿಗೆ ಬಿರುಕು ಬಿಟ್ಟಿದೆ ಅಥವಾ ಕಾಯಿಲ್ ಸುತ್ತಲಿನ ಫೋಮ್ ಪುಡಿಯಾಗಿದೆ ಅಂದರೆ, ಇಳಿಸಲಿ. ಬರೀ "ನೋಡೋಣ, ಇಳಿಸೋಣ" ಅಂದರೆ ಬೇಡ. ಡ್ಯಾಶ್‌ಬೋರ್ಡ್ ಒಮ್ಮೆ ಇಳಿಸಿ ಏರಿಸಿದ ಗಾಡಿಯಲ್ಲಿ ಎಲ್ಲಾದರೂ ಒಂದು ಕಿರಿಕಿರಿ ಸದ್ದು ಉಳಿಯುತ್ತದೆ. ಎಷ್ಟೇ ಒಳ್ಳೆಯ ಕೆಲಸಗಾರ ಆದರೂ ಅಷ್ಟೇ.

ಇನ್ನೊಂದು ಸಣ್ಣ ವಿಷಯ ಎಲ್ಲರ ಕಣ್ಣಿಗೂ ತಪ್ಪುತ್ತದೆ. ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಹೋಗುವ ದಪ್ಪ ಪೈಪ್ ತುಂಬಾ ತಣ್ಣಗಿರುತ್ತದೆ, ಅದೂ ಬೆವರುತ್ತದೆ. ಅದರ ಮೇಲಿನ ಫೋಮ್ ಹೊದಿಕೆ ಕಿತ್ತು ಹೋಗಿದ್ದರೆ, ಇಲ್ಲವೇ ಪೈಪ್ ತಗಡಿನ ಗೋಡೆ ದಾಟುವ ಕಡೆ ರಬ್ಬರ್ ಬಿಟ್ಟುಕೊಂಡಿದ್ದರೆ, ಹನಿ ಹನಿಯಾಗಿ ಒಳಗೆ ಬರುತ್ತದೆ. ಹೊಸ ಫೋಮ್ ಟೇಪ್ ಸುತ್ತಿದರೆ ಮುಗಿಯಿತು.

ಪ್ರಶ್ನೆ: ಲೀಕ್ ನಿಂತಿತು, ವಾಸನೆ ನಿಂತಿಲ್ಲ. ಮ್ಯಾಟ್ ಬಿಸಿಲಿಗೆ ಹಾಕಿದ್ದೆ. ಸೆಂಟ್ ಡಬ್ಬಿ ಇಟ್ಟೆ, ಈಗ ಎರಡೂ ವಾಸನೆ ಸೇರಿ ತಲೆ ಸುತ್ತುತ್ತದೆ.

ಉತ್ತರ: ಸೆಂಟ್ ಡಬ್ಬಿ ತೆಗೆದು ಹೊರಗೆ ಇಡಿ. ನೀವು ಒಣಗಿಸಿದ್ದು ಮ್ಯಾಟ್ ಮಾತ್ರ. ಅದರಡಿ ಕಾರ್ಪೆಟ್ ಇದೆ, ಕಾರ್ಪೆಟ್ ಅಡಿಯಲ್ಲಿ ದಪ್ಪ ಸ್ಪಂಜು ಇದೆ. ನೀರು ಕುಡಿದಿರುವುದು ಆ ಸ್ಪಂಜು. ಮೇಲೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಕೈಯಿಂದ ಬಲವಾಗಿ ಒತ್ತಿ ನೋಡಿ, ನೀರು ಮೇಲೆ ಬರುತ್ತದೆ. ಬಾಗಿಲ ಅಂಚಿನ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ ಅಂಚನ್ನು ಎತ್ತಿ, ಕೆಳಗೆ ಏನಾದರೂ ಕೊಟ್ಟು ನಿಲ್ಲಿಸಿ. ಮೊದಲು ನೀರು ಎಳೆಯುವ ವ್ಯಾಕ್ಯೂಮ್, ಇಲ್ಲದಿದ್ದರೆ ಹಳೆ ಟವೆಲ್ ಒತ್ತಿ ಒತ್ತಿ ತೆಗೆಯಿರಿ. ಆಮೇಲೆ ಫ್ಯಾನ್ ಹಚ್ಚಿ ಬಾಗಿಲು ತೆರೆದಿಡಿ. ಒಂದು ದಿನದಲ್ಲಿ ಒಣಗುತ್ತದೆ ಅಂತ ನಂಬಬೇಡಿ. ಅಲ್ಲಿರುವ ವೈರು, ಪ್ಲಗ್ಗುಗಳನ್ನು ಒರೆಸಿ. ಹಳದಿ ಬಣ್ಣದ ಪ್ಲಗ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಎಳೆಯಬೇಡಿ. ತಗಡಿನ ಮೇಲೆ ತುಕ್ಕು ಶುರುವಾಗಿದ್ದರೆ ಈಗಲೇ ಉಜ್ಜಿ ಬಣ್ಣ ಬಳಿಯಿರಿ.

ವಾಸನೆ ಎಸಿ ಹಾಕಿದ ತಕ್ಷಣ ಬಂದು ಆಮೇಲೆ ಕಡಿಮೆಯಾಗುವುದಾದರೆ ಅದು ಕಾಯಿಲ್‌ನದು, ಕಾರ್ಪೆಟ್‌ನದಲ್ಲ. ಕಾಯಿಲ್ ತೊಳೆಯುವ ನೊರೆಯ ಕ್ಯಾನ್ ಸಿಗುತ್ತದೆ. ಡ್ರೈನ್ ತೆರೆದಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಹಾಕಿ, ಇಲ್ಲದಿದ್ದರೆ ನೊರೆಯೂ ಕಾರ್ಪೆಟ್‌ಗೇ ಬರುತ್ತದೆ. ದಿನವೂ ಗಾಡಿ ನಿಲ್ಲಿಸುವ ಎರಡು ಮೂರು ನಿಮಿಷ ಮೊದಲು ಎಸಿ ಬಟನ್ ಆರಿಸಿ ಬ್ಲೋವರ್ ಮಾತ್ರ ಓಡಿಸಿ. ಕಾಯಿಲ್ ಸ್ವಲ್ಪ ಒಣಗುತ್ತದೆ, ಬೂಷ್ಟು ಬೆಳೆಯುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ದೊಡ್ಡ ವ್ಯಾನ್. ಹಿಂದಿನ ಸೀಟಿನವರ ತಲೆ ಮೇಲೆ ಎಸಿ ಕಿಂಡಿಯಿಂದ ಹನಿ ಬೀಳುತ್ತದೆ. ಮುಂದೆ ಏನೂ ಇಲ್ಲ.

ಉತ್ತರ: ಹಿಂದಿನ ಎಸಿಗೆ ಬೇರೆಯೇ ಕಾಯಿಲ್, ಬೇರೆಯೇ ಡ್ರೈನ್ ಇರುತ್ತದೆ. ಅದು ಚಾವಣಿಯಲ್ಲಿದ್ದರೆ ಪೈಪ್, ಚಾವಣಿ ಹೊತ್ತ ಬದಿಯ ಕಂಬದೊಳಗಿನಿಂದ ಕೆಳಗೆ ಇಳಿಯುತ್ತದೆ. ಎರಡು ಕಡೆ ಪೈಪ್ ಇದ್ದರೆ ಎರಡನ್ನೂ ನೋಡಿಸಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಹನಿ ಬೀಳುವುದಾದರೆ ಒಂದೇ ಪೈಪ್ ಕಟ್ಟಿರುವ ಸಾಧ್ಯತೆ ಜಾಸ್ತಿ. ಎಸಿ ಹಾಕಿದ ಮೊದಲ ಕೆಲವು ನಿಮಿಷ ಕಿಂಡಿಯಿಂದ ಬಿಳಿ ಮಂಜು ಬಂದರೆ ಹೆದರಬೇಡಿ, ತೇವದ ದಿನ ಅದು ಸಹಜ. ಹನಿ ಸಹಜ ಅಲ್ಲ.

ಪ್ರಶ್ನೆ: ಹೊಸ ಕಾರು. ನಿಲ್ಲಿಸಿದ ಕಡೆಯೆಲ್ಲ ಕೆಳಗೆ ನೀರು. ಶೋರೂಮಿನವರ ಜೊತೆ ಜಗಳ ಆಡಲೇ?

ಉತ್ತರ: ಬೇಡ. ಅದು ಬೀಳಲೇಬೇಕಾದ ನೀರು. ತಿಳಿಯಾಗಿದೆಯಾ, ವಾಸನೆ ಇಲ್ಲವಾ ಅಂತ ಒಂದು ಬಿಳಿ ಕಾಗದ ಹಾಕಿ ನೋಡಿ. ಎಣ್ಣೆ ಕಲೆ, ಬಣ್ಣ ಇದ್ದರೆ ಮಾತ್ರ ಹೋಗಿ.

ಪ್ರಶ್ನೆ: ಆ ನೀರನ್ನು ಬಾಟಲಿಯಲ್ಲಿ ಹಿಡಿದು ಬ್ಯಾಟರಿಗೆ ಹಾಕಬಹುದಾ? ಡಿಸ್ಟಿಲ್ಡ್ ವಾಟರ್ ಥರಾನೇ ಅಲ್ವಾ?

ಉತ್ತರ: ಗಾಳಿಯಿಂದ ಬಂದ ನೀರು, ಉಪ್ಪಿನಂಶ ಕಡಿಮೆ, ಅಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಅದು ಕಾಯಿಲ್‌ನ ಲೋಹ, ಧೂಳು, ಲೋಳೆ ಎಲ್ಲವನ್ನೂ ತೊಳೆದುಕೊಂಡು ಬಂದಿರುತ್ತದೆ. ಬ್ಯಾಟರಿಗೆ ಬೇಡ, ಕೂಲೆಂಟ್ ಡಬ್ಬಿಗೂ ಬೇಡ, ಕುಡಿಯಲು ಖಂಡಿತ ಬೇಡ. ಬಕೆಟ್ ಇಟ್ಟು ಹಿಡಿಯುವಷ್ಟು ಬಿಡುವಿದ್ದರೆ ಟೈರ್ ತೊಳೆಯಿರಿ.